ಎಫಿಯ ಓರೆ ಕತ್ತರಿ

ಲೀತ್, ಎಡಿನ್‌ಬರೋ
12 ಜನವರಿ 2017

ಪ್ರಿಯ ಟಾರ್ಕಿಲ್,

ನಾಲ್ಕು ಸಲ ಫೋನು ಮಾಡಿದೆ. ನಾಲ್ಕೂ ಸಲ ಅದು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ನೀನು ಮನೆಯಲ್ಲೇ ಇದ್ದೆ ಎಂದು ನನಗೆ ಗೊತ್ತು. ಜನವರಿಯಲ್ಲಿ ನೀನು ಹೋಗುವುದಾದರೂ ಎಲ್ಲಿಗೆ? ಅಡುಗೆಮನೆಯಿಂದ ಮೀನುಮರಿ ಸಾಕುವ ಶೆಡ್ಡಿಗೆ, ಶೆಡ್ಡಿನಿಂದ ಅಡುಗೆಮನೆಗೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಬಂದ ಕಾಗದವನ್ನು ಒಡೆಯದೆ ಇಡುವ ಜಾಯಮಾನ ನಿನ್ನದಲ್ಲ.

ನವೆಂಬರ್ ಸಭೆಯಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳುತ್ತಿಲ್ಲ. ಆಡಿದ್ದು ನಿಜ. ಆದರೆ ಆಡಿದ ರೀತಿ ಸರಿಯಿರಲಿಲ್ಲ. ಮೊದಲು ನಿನ್ನ ಮನೆಗೆ ಬಂದು, ನಿನ್ನ ಮೇಜಿನ ಮುಂದೆ ಕೂತು ಹೇಳಬೇಕಿತ್ತು. ಅದರ ಬದಲು ಮೀನುಗಾರರ ಸಂಘದ ಇಪ್ಪತ್ತು ಜನರ ಮುಂದೆ ಎದ್ದು ನಿಂತು, ತರಗತಿಯಲ್ಲಿ ಪಾಠ ಓದಿದ ಹಾಗೆ ಆ ವರದಿ ಓದಿಬಿಟ್ಟೆ. ಐದು ವರ್ಷದಲ್ಲಿ ನಮ್ಮ ಫೆರ್ನಾಗ್ ನದಿಯಲ್ಲಿ ಹಿಡಿದು ಪರೀಕ್ಷಿಸಿದ ಸಾಲ್ಮನ್ ಮೀನು ಇನ್ನೂರ ಹನ್ನೆರಡು. ಅದರಲ್ಲಿ ನಿನ್ನ ಶೆಡ್ಡಿನಲ್ಲಿ ಹುಟ್ಟಿದ್ದು ಮೂರು. ಮೂರು ಎಂದಾಗ ನೀನು ಟೋಪಿ ತೆಗೆದುಕೊಂಡು ಎದ್ದೆ. ಬಾಗಿಲನ್ನು ದಡಾರನೆ ಬಡಿದಿದ್ದರೆ ನನಗೆ ಇಷ್ಟು ಬೇಸರವಾಗುತ್ತಿರಲಿಲ್ಲ. ನೀನು ಅದನ್ನು ಮೆಲ್ಲಗೆ ಮುಚ್ಚಿಕೊಂಡು ಹೋದೆ.

ನೀನು ಹೋದ ಮೇಲೆ ನಡೆದದ್ದನ್ನು ಯಾರಾದರೂ ಹೇಳಿರಬಹುದು. ಶೆಡ್ಡು ಮುಚ್ಚಬೇಕೋ ಬೇಡವೋ ಎಂದು ಮತಕ್ಕೆ ಹಾಕಲು ಕಾರ್ಯದರ್ಶಿ ಫರ್ಕರನಿಗೆ ಧೈರ್ಯ ಬರಲಿಲ್ಲ. "ಟಾರ್ಕಿಲ್ ಇಲ್ದೆ ಇದನ್ನ ತೀರ್ಮಾನ ಮಾಡೋಕಾಗಲ್ಲ. ಮುಂದಿನ ನವೆಂಬರ್‌ಗೆ ನೋಡೋಣ" ಎಂದ. ಎಲ್ಲರೂ ಚಹಾ ಕುಡಿದರು. ನನ್ನ ಪಕ್ಕದ ಕುರ್ಚಿಗೆ ಯಾರೂ ಬರಲಿಲ್ಲ.

ನಾನು ಹೇಳಿದ್ದು ಇಷ್ಟೇ. ಪ್ರತಿ ನವೆಂಬರಿನಲ್ಲಿ ಹೊಳೆಯಿಂದ ಹತ್ತು ಒಳ್ಳೆಯ ಹೆಣ್ಣು ಮೀನುಗಳನ್ನು ಹಿಡಿದು ಶೆಡ್ಡಿಗೆ ಒಯ್ಯುತ್ತೇವೆ. ಮೊಟ್ಟೆ ತೆಗೆದು ಮರಿ ಮಾಡಿಸಿ ಹೊಳೆಗೆ ಬಿಡುತ್ತೇವೆ. ಆ ಮರಿಗಳಿಗೆ ಹೊಳೆಯೂ ಗೊತ್ತಿಲ್ಲ, ಹಸಿವೂ ಗೊತ್ತಿಲ್ಲ, ನೀರುಕಾಗೆಯೂ ಗೊತ್ತಿಲ್ಲ. ಸಮುದ್ರಕ್ಕೆ ಹೋದವು ತಿರುಗಿ ಬರುವುದಿಲ್ಲ. ಆ ಹತ್ತು ಹೆಣ್ಣುಗಳನ್ನು ಅವುಗಳ ಪಾಡಿಗೆ ಬಿಟ್ಟಿದ್ದರೆ ಹೊಳೆಗೆ ಇಷ್ಟು ನಷ್ಟವಾಗುತ್ತಿರಲಿಲ್ಲ.

ಇಲ್ಲಿ ನನ್ನ ಕಿಟಕಿಯಿಂದ ನೀರು ಕಾಣುತ್ತದೆ. ಆದರೆ ಹಡಗುಕಟ್ಟೆಯ ನೀರು, ಎಲ್ಲಿಗೂ ಹೋಗುವುದಿಲ್ಲ. ಮಂಡಿ ಮೊದಲಿನಷ್ಟೇ ಕೆಟ್ಟಿದೆ. ಒಂದು ಸಾಲು ಬರೆ.

ನಿನ್ನ,
ನಿನಿಯನ್

*

ಲೀತ್
3 ಮಾರ್ಚ್ 2017

ಪ್ರಿಯ ಟಾರ್ಕಿಲ್,

ಉತ್ತರ ಬರಲಿಲ್ಲ. ಆದರೂ ಬರೆಯುತ್ತಿದ್ದೇನೆ.

ಈಗ ಮೊಟ್ಟೆಗಳಲ್ಲಿ ಕಣ್ಣಿನ ಕಪ್ಪು ಚುಕ್ಕೆ ಮೂಡುವ ಕಾಲ. ಸತ್ತು ಬೆಳ್ಳಗಾದ ಮೊಟ್ಟೆಗಳನ್ನು ಚಿಮುಟದಿಂದ ಆರಿಸುವುದೇ ದಿನಕ್ಕೆ ಎರಡು ತಾಸಿನ ಕೆಲಸ. ಎಫಿ ಇದ್ದಾಗ ನೀವು ಗಂಡಹೆಂಡತಿ ಹಂಚಿಕೊಂಡಿದ್ದಿರಿ: ಅವಳು ಆರಿಸುತ್ತಿದ್ದಳು, ನೀನು ಎಣಿಸುತ್ತಿದ್ದೆ, ಶನಿವಾರ ನಾನು ಬಂದರೆ ಬರೆದುಕೊಳ್ಳುತ್ತಿದ್ದೆ. ಈಗ ಮೂರೂ ನೀನೇ. ಕನ್ನಡಕ ಬದಲಿಸಿದೆಯಾ? ಹೋದ ವರ್ಷವೇ ನೀನು ಬದುಕಿದ್ದನ್ನೂ ಸತ್ತದ್ದರ ಜೊತೆಗೆ ಎಸೆಯುತ್ತಿದ್ದೆ.

ಅವಳು ಹೋಗಿ ಮೊನ್ನೆ ಫೆಬ್ರವರಿಗೆ ಮೂರು ವರ್ಷವಾಯಿತು. ಆ ದಿನ ಫೋನು ಮಾಡಬೇಕೆಂದು ರಿಸೀವರ್ ಎತ್ತಿದೆ, ಮತ್ತೆ ಇಟ್ಟುಬಿಟ್ಟೆ.

ನಿನಿಯನ್

*

ಕೋರಿ ಹಳ್ಳ, ಫೆರ್ನಾಗ್
9 ಏಪ್ರಿಲ್ 2017

ಮೇಷ್ಟ್ರೇ,

ನಿನ್ನ ಎರಡೂ ಕಾಗದ ಬಂದಿವೆ. ಎರಡನ್ನೂ ಓದಿದೆ. ಬಿಡುವಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಸಿಟ್ಟಿಗೆ ಬರೆಯಲಿಲ್ಲ. ಕನ್ನಡಕ ಬದಲಿಸಿಲ್ಲ.

ಒಂದು ಕೇಳುತ್ತೇನೆ. ಮೂವತ್ತೊಂದು ವರ್ಷದ ಹಿಂದೆ ಈ ಶೆಡ್ಡಿನ ವಿಚಾರ ತಂದವರು ಯಾರು? ನಾನಾ? ನಾನಾಗ ಎಸ್ಟೇಟಿನ ಹೊಳೆ ಕಾಯುವವನು. ಕದ್ದು ಬಲೆ ಹಾಕುವವರನ್ನು ಓಡಿಸುವುದು, ದೊಡ್ಡ ಮನುಷ್ಯರ ಗಾಳಕ್ಕೆ ಬಿದ್ದ ಮೀನನ್ನು ದಡಕ್ಕೆ ತರುವುದು, ಇಷ್ಟೇ ನನಗೆ ಗೊತ್ತಿದ್ದದ್ದು. ನೀನೇ ಒಂದು ಸಂಜೆ ಯಾವುದೋ ಪತ್ರಿಕೆಯ ಹಾಳೆ ಕತ್ತರಿಸಿಕೊಂಡು ನಮ್ಮ ಅಡುಗೆಮನೆಗೆ ಬಂದೆ. "ಟಾರ್ಕಿಲ್, ಹೊಳೇಲಿ ನೂರು ಮೊಟ್ಟೆ ಇಟ್ರೆ ಹತ್ತು ಮರಿ ಉಳಿಯತ್ತೆ, ಶೆಡ್ಡಲ್ಲಾದ್ರೆ ತೊಂಬತ್ತು" ಅಂದೆ. ಎಫಿ ತನ್ನ ಹಿಟ್ಟು ಕಲಸುವ ಬೋಗುಣಿ ಕೊಟ್ಟಳು. ಮೊದಲ ಮೀನಿನ ಹೊಟ್ಟೆ ಒತ್ತಿ ಮೊಟ್ಟೆ ಇಳಿಸಿದವನು ನಾನು. ಗಂಡು ಮೀನಿನ ಹಾಲಿನಂಥ ವೀರ್ಯ ಬೆರೆಸಿ ಹೆಬ್ಬಾತಿನ ಗರಿಯಿಂದ ಕದಡಿದವನು ನೀನು. ಆ ದಿನ ನಿನ್ನ ಕಣ್ಣಲ್ಲಿ ನೀರು ಬಂದಿತ್ತು. ಕೇಳಿದ್ದಕ್ಕೆ ಚಳಿ ಅಂದೆ.

ಈಗ ಅದೇ ಬಾಯಿ, ಶೆಡ್ಡು ಮುಚ್ಚಿ ಅನ್ನುತ್ತದೆ.

ನಿನ್ನ ವರದಿ ಬರೆದವರಿಗೆ ಒಂದು ವಿಷಯ ಗೊತ್ತಿಲ್ಲ, ನಿನಗೂ ಮರೆತಿದೆ. ಶೆಡ್ಡಿನ ಮರಿ ಎಂದು ಗುರುತಿಗೆ, ಹೊಳೆಗೆ ಬಿಡುವ ಮುಂಚೆ ಬಾಲದ ಹತ್ತಿರ ಬೆನ್ನ ಮೇಲಿರುವ ಪುಟ್ಟ ರೆಕ್ಕೆಯನ್ನು ಕತ್ತರಿಸುತ್ತೇವಲ್ಲ, 2013ರಲ್ಲಿ ನನ್ನ ಬಲ ಮುಂಗೈ ಮುರಿದಿತ್ತು. ಮೂರು ಸಾವಿರ ಮರಿಗೂ ಎಫಿಯೇ ಕತ್ತರಿ ಹಾಕಿದಳು. ಅವಳ ಹೊಲಿಗೆಯ ಸಣ್ಣ ಕತ್ತರಿ. ಮೀನಿಗೆ ನೋವಾಗುವುದಿಲ್ಲ ಎಂದು ನೀನು ಹೇಳಿದರೆ ಅವಳು ಏನಂದಳು ನೆನಪಿದೆಯಾ? "ನಿಮ್ಮ ಕಿರುಬೆರಳು ಕೊಡಿ ಮೇಷ್ಟ್ರೇ, ನೋಡೋಣ." ಪೂರ್ತಿ ಕತ್ತರಿಸಲು ಅವಳಿಗೆ ಮನಸ್ಸು ಬರಲಿಲ್ಲ. ಓರೆಯಾಗಿ ಅರ್ಧ ಬಿಟ್ಟಳು. ಮೂರು ಸಾವಿರಕ್ಕೂ ಅದೇ ಓರೆ. ಅಂಥ ಮೊಂಡು ರೆಕ್ಕೆ ಬೇರೆ ಯಾವ ವರ್ಷದ ಮೀನಿಗೂ ಇಲ್ಲ.

ಆ ಮರಿಗಳು ಒಂದೂವರೆ ವರ್ಷ ಹೊಳೆಯಲ್ಲಿದ್ದು, ಎರಡು ಚಳಿಗಾಲ ಸಮುದ್ರದಲ್ಲಿ ಕಳೆದು, ಮೊಟ್ಟೆ ಇಡಲು ಈ ವರ್ಷ ಬರುತ್ತವೆ. ನಿನ್ನ ಇನ್ನೂರ ಹನ್ನೆರಡರಲ್ಲಿ ಅವು ಸೇರಿಲ್ಲ. ನವೆಂಬರ್ ತನಕ ಬಾಯಿ ಮುಚ್ಚಿಕೊಂಡಿರು. ಎಫಿಯ ಮೀನು ಬರಲಿ, ಆಮೇಲೆ ಮಾತಾಡು.

ಟಾರ್ಕಿಲ್

*

ಲೀತ್
20 ಏಪ್ರಿಲ್ 2017

ಪ್ರಿಯ ಟಾರ್ಕಿಲ್,

ಬೈದಾದರೂ ಬರೆದೆಯಲ್ಲ, ಅಷ್ಟು ಸಾಕು. ಕಾಗದವನ್ನು ಎರಡು ಸಲ ಓದಿ ಟೀಪಾಯಿಯ ಮೇಲೆ ಇಟ್ಟಿದ್ದೇನೆ. ನಿನ್ನ ಕೈಬರಹ ಇನ್ನೂ ಮೂರನೇ ತರಗತಿಯದೇ.

ಶೆಡ್ಡಿನ ವಿಚಾರ ತಂದವನು ನಾನೇ. ಅದನ್ನು ಸಭೆಯಲ್ಲೂ ಹೇಳಬೇಕಿತ್ತು, ಹೇಳಲಿಲ್ಲ. ಆ ಪತ್ರಿಕೆಯ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಮರಿ ಆಗುವವರೆಗಿನ ಲೆಕ್ಕ ಅದರಲ್ಲಿ ಸರಿಯಾಗಿಯೇ ಇದೆ. ಆದ ಮರಿ ಸಮುದ್ರದಿಂದ ವಾಪಸ್ ಬರುತ್ತದೆಯೇ ಎಂದು ಅದನ್ನು ಬರೆದವನೂ ಕೇಳಲಿಲ್ಲ, ಓದಿದ ನಾನೂ ಕೇಳಲಿಲ್ಲ.

ನಿನ್ನ ಮಾತಿಗೆ ಒಪ್ಪಿದೆ. ಮೂರು ಸಾವಿರದಲ್ಲಿ ಹತ್ತು ಬರಲಿ. ಗಾಳಕ್ಕೆ ಸಿಕ್ಕಿದ್ದು, ನಿನ್ನ ಬೋನಿಗೆ ಬಿದ್ದದ್ದು, ಮಡುವಿನಲ್ಲಿ ಕಣ್ಣಿಗೆ ಕಂಡದ್ದು, ಎಲ್ಲ ಸೇರಿ ಹತ್ತು. ಬಂದರೆ ನವೆಂಬರಿನಲ್ಲಿ ನಾನೇ ಎದ್ದು ನಿಂತು ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಫರ್ಕರ್ ಅದನ್ನು ಬರೆದುಕೊಳ್ಳಲಿ, ಕೆಳಗೆ ಸಹಿ ಹಾಕುತ್ತೇನೆ.

ಬರಲಿ ಎಂದೇ ನನಗೂ ಆಸೆ. ಇದನ್ನು ನೀನು ನಂಬುವುದಿಲ್ಲ.

ನಿನಿಯನ್

*

ಕೋರಿ ಹಳ್ಳ
2 ಜುಲೈ 2017

ಮೇಷ್ಟ್ರೇ,

ಮೂರು ವಾರದಿಂದ ಮಳೆಯಿಲ್ಲ. ಹೊಳೆ ಎಷ್ಟು ಇಳಿದಿದೆಯೆಂದರೆ ಪಾದ್ರಿ ಮಡುವಿನ ಕೆಳಗೆ ಬೂಟು ಒದ್ದೆಯಾಗದೆ ದಾಟಬಹುದು. ನಿನ್ನೆ ಹೊಳೆ ದಡದ ಸಂಘದ ಗುಡಿಸಲಿನಲ್ಲಿ ಗಾಳ ಹಾಕುವವರಿಗಿಂತ ಮಾತಾಡುವವರೇ ಹೆಚ್ಚು. ಎಲ್ಲರೂ ಬೆಂಚಿನ ಮೇಲೆ ಕೂತು, ನೊರಜು ಹೊಡೆದುಕೊಳ್ಳುತ್ತಾ, ಮೀನು ಎಲ್ಲಿ ಹೋಯಿತು ಎಂದು ಶುರು ಮಾಡಿದರು. ನೀನಿದ್ದಿದ್ದರೆ ನಿನಗೂ ಒಂದು ಪಾಲು ಸಿಗುತ್ತಿತ್ತು.

ಫರ್ಕರನ ಹಳೇ ಹಾಡು ನಿನಗೆ ಗೊತ್ತೇ ಇದೆ, ಕಡಲಿನ ಸೀಲ್ ಪ್ರಾಣಿಗಳು ಮೀನನ್ನೆಲ್ಲ ತಿಂದುಬಿಟ್ಟವು ಅಂತ. "ಸೀಲ್, ಮತ್ತೇನೂ ಅಲ್ಲ. ಹೊಳೆ ಬಾಯಲ್ಲಿ ನಲವತ್ತು ಬಿದ್ಕೊಂಡಿವೆ. ಒಂದೊಂದೂ ನಮ್ಮ ಪಾದ್ರಿಗಿಂತ ದಪ್ಪ. ಓಟ್ಸ್ ಗಂಜಿ ಕುಡಿದು ಹಂಗಾದ್ವಾ?"

ಶೀನಾ ಬಿಡುತ್ತಾಳೆಯೇ? ಎಪ್ಪತ್ತೆರಡು ವಯಸ್ಸಾದರೂ ನಮ್ಮಲ್ಲಿ ಅತಿ ದೂರ ಗಾಳ ಎಸೆಯುವವಳು ಅವಳೇ. "ಸೀಲ್ ನಮ್ಮಜ್ಜನ ಕಾಲದಲ್ಲೂ ಇತ್ತು ಕಣೋ. ಗುಡ್ಡದ ಮೇಲೆಲ್ಲಾ ಸ್ಪ್ರೂಸ್ ನೆಟ್ಟರಲ್ಲ, ಅದು ಇರಲಿಲ್ಲ. ಆ ಮರದ ಬುಡದಿಂದ ಬರೋ ನೀರು ಹುಳಿ. ನಿನ್ನ ಹೆಂಡತಿ ಮಾಡೋ ಸೂಪಿಗಿಂತ ಹುಳಿ."

"ನನ್ನ ಹೆಂಡತಿ ಸೂಪಿನ ವಿಷಯ ಯಾಕೆ ಬಂತೀಗ?"

"ಕುಡಿದಿದ್ದೀನಿ, ಅದಕ್ಕೆ ಬಂತು."

ಡೂಗಲ್ ಇಷ್ಟು ಹೊತ್ತೂ ಮೂಲೆಯಲ್ಲಿ ದಾರ ಬಿಡಿಸುತ್ತಿದ್ದ. "ನೀರುಕಾಗೆ" ಅಂದ, ತಲೆಯೆತ್ತದೆ. "ದಿನಕ್ಕೆ ಒಂದು ಪೌಂಡ್ ಮರಿ ತಿನ್ನತ್ತೆ ಒಂದು ಹಕ್ಕಿ."

"ಡೂಗಲ್, ಕಡಲಲ್ಲಿ ಪಂಜರ ಕಟ್ಟಿ ಮೀನು ಸಾಕ್ತಾರಲ್ಲ, ಅದರ ಹೇನು ನಮ್ಮ ಮರಿಗಳಿಗೆ ಅಂಟ್ಕೊಳ್ಳಲ್ವಾ?" ಎಂದು ಶೀನಾ ಕೇಳಿದಳು.

"ಅಲ್ಲಿ ನನ್ನ ಮಗನಿಗೆ ಕೆಲಸ ಕೊಟ್ಟಿದಾರೆ ಶೀನಾ. ನನಗೆ ನೀರುಕಾಗೇನೇ ಸಾಕು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ನನಗೆ ಅನ್ನಿಸಿತು, ಒಬ್ಬೊಬ್ಬರೂ ತಮ್ಮನ್ನು ಬಿಟ್ಟು ಉಳಿದವರನ್ನೆಲ್ಲ ಹೆಸರಿಸಿದ್ದಾರೆ. ಬಾಯಿಗೆ ಬಂದೇಬಿಟ್ಟಿತು. "ನೂರು ವರ್ಷ ಹಿಡಿದು ಹಿಡಿದು ತಿಂದವರು ನಾವಲ್ವಾ?" ಅಂದೆ. ಫರ್ಕರ್ ನನ್ನ ಬೆನ್ನು ತಟ್ಟಿ, "ಆ ಮೇಷ್ಟ್ರು ಜೊತೆ ಜಗಳ ಆಡಿದ್ರೂ ಮಾತು ಮಾತ್ರ ಅವನದ್ದೇ" ಅಂದ. ಬಿಸ್ಕತ್ತಿನ ಡಬ್ಬಿ ಒಂದು ಸುತ್ತು ಬಂತು.

ಇಲ್ಲಿಯ ತನಕ ಸಂಘದವರೆಲ್ಲ ಸೇರಿ ಹಿಡಿದು ಬಿಟ್ಟದ್ದು ಹನ್ನೊಂದು ಸಾಲ್ಮನ್. ಮೀನು ಬಿಡುವ ಮುಂಚೆ ಬೆನ್ನು ನೋಡಿ ಎಂದು ಎಲ್ಲರಿಗೂ ಹೇಳಿದ್ದೇನೆ. ಹತ್ತಿರದಲ್ಲಿದ್ದರೆ ನಾನೇ ಸೈಕಲ್ ಹತ್ತಿ ಹೋಗುತ್ತೇನೆ. ಹನ್ನೊಂದಕ್ಕೂ ರೆಕ್ಕೆ ಪೂರ್ತಿ ಇತ್ತು. ಮಳೆ ಬರಲಿ, ನೋಡೋಣ.

ಟಾರ್ಕಿಲ್

*

ಲೀತ್
15 ಜುಲೈ 2017

ಪ್ರಿಯ ಟಾರ್ಕಿಲ್,

ನಿನ್ನ ಕಾಗದ ಓದಿ ಒಬ್ಬನೇ ಜೋರಾಗಿ ನಕ್ಕೆ. ಮೇಲಿನ ಮನೆಯವಳು ನೆಲ ಕುಟ್ಟಿದಳು. ಊರು ಬಿಟ್ಟು ಈ ಮನೆಗೆ ಬಂದ ಮೂರು ವರ್ಷದಲ್ಲಿ ಅವಳಿಗೂ ನನಗೂ ನಡೆದ ಮೊದಲ ಮಾತುಕತೆ ಇದು.

ದಿನಾ ಬೆಳಗ್ಗೆ ಕೋಲು ಊರಿಕೊಂಡು ಮೂಲೆಯ ಮೀನಂಗಡಿಯವರೆಗೆ ಹೋಗುತ್ತೇನೆ. ಮಂಜುಗಡ್ಡೆಯ ಮೇಲೆ ಸಾಲ್ಮನ್ ಸಾಲಾಗಿ ಇಟ್ಟಿರುತ್ತಾರೆ. ಎಲ್ಲ ಪಂಜರದವು, ಎಲ್ಲ ಒಂದೇ ಅಳತೆ, ಬಾಲದ ತುದಿ ಸವೆದದ್ದು. ನಿನ್ನ ಕಾಗದ ಬಂದಾಗಿನಿಂದ ಅವುಗಳ ಬೆನ್ನನ್ನೂ ನೋಡುತ್ತಿದ್ದೇನೆ. ಅಲ್ಲಿ ಎಫಿಯ ಮೀನು ಇರಲು ಸಾಧ್ಯವಿಲ್ಲ ಎಂದು ಗೊತ್ತು. ಆದರೂ ನೋಡುತ್ತೇನೆ. ನಿನ್ನೆ ಅಂಗಡಿಯ ಹೆಂಗಸು ಕೇಳಿಯೇಬಿಟ್ಟಳು, "ತಾತ, ತಗೊಳ್ತೀರಾ, ಇಲ್ಲ ಬರೀ ದರ್ಶನನಾ?" ಎರಡು ಒಣಗಿಸಿದ ಹ್ಯಾಡಕ್ ತೆಗೆದುಕೊಂಡು ಬಂದೆ. ಒಂದನ್ನು ತಿಂದೆ. ಇಬ್ಬರಿಗೆ ಅಡುಗೆ ಮಾಡುವ ಅಭ್ಯಾಸ ನನಗೆ ಎಂದೂ ಇರಲಿಲ್ಲ, ಆದರೂ ಯಾಕೋ ಎರಡು ಕೇಳಿದ್ದೆ.

ಒಂದು ವಿಷಯ ಕೇಳಲೇ? ವಾದದಲ್ಲಿ ಸೋಲುವುದಕ್ಕೆ ನೀನು ಹೆದರುವವನಲ್ಲ. ನನ್ನ ಹತ್ತಿರ ನೂರು ಸಲ ಸೋತಿದ್ದೀಯ, ನಕ್ಕಿದ್ದೀಯ. ಈ ಶೆಡ್ಡಿನ ವಿಷಯದಲ್ಲಿ ಮಾತ್ರ ನಿನಗೆ ಬೇರೆ ಏನೋ ಇದೆ. ಹೇಳಬೇಕೆನಿಸಿದರೆ ಹೇಳು.

ನಿನಿಯನ್

*

ಕೋರಿ ಹಳ್ಳ
24 ಸೆಪ್ಟೆಂಬರ್ 2017

ನಿನಿಯನ್,

ಮಳೆ ಬಂತು, ಮೀನೂ ಬಂತು. ಇಪ್ಪತ್ತಾರು. ಎಲ್ಲದರ ಬೆನ್ನೂ ನೋಡಿದೆ. ಮೊಂಡು ರೆಕ್ಕೆ ಒಂದೂ ಇಲ್ಲ. ಇನ್ನು ಆರು ದಿನಕ್ಕೆ ಗಾಳದ ಕಾಲ ಮುಗಿಯುತ್ತದೆ.

ನೀನು ಜುಲೈನಲ್ಲಿ ಕೇಳಿದ್ದೆ. ಎರಡು ತಿಂಗಳು ಬರೆದು ಬರೆದು ಹರಿದೆ. ಈಗ ಬರೆದುಬಿಡುತ್ತೇನೆ, ನೀನು ಮೇಷ್ಟ್ರ ಹಾಗೆ ಕೆಂಪು ಗೆರೆ ಎಳೆಯಬೇಡ.

ಆ ಮೂರು ಸಾವಿರ ಮರಿಗೆ ಕತ್ತರಿ ಹಾಕಲು ಎಫಿಗೆ ಒಂಬತ್ತು ದಿನ ಹಿಡಿಯಿತು. ಅಕ್ಟೋಬರ್. ಶೆಡ್ಡಿಗೆ ಒಲೆಯಿಲ್ಲ, ಇದ್ದರೆ ನೀರು ಬೆಚ್ಚಗಾಗುತ್ತದೆ ಎಂದು ನಾವೇ ಇಟ್ಟಿರಲಿಲ್ಲ. ಒಂದೇ ಒಂದು ಸ್ಟೂಲು. ತಣ್ಣೀರಿನಲ್ಲಿ ಕೈಯಿಟ್ಟು, ಒಂದೊಂದೇ ಮರಿಯನ್ನು ಅಂಗೈಯಲ್ಲಿ ಹಿಡಿದು, ಕತ್ತರಿಸಿ, ಬಿಟ್ಟು, ಮತ್ತೆ ಹಿಡಿದು. ಮೂರನೇ ದಿನಕ್ಕೇ ಕೆಮ್ಮು ಬಂತು. "ಬಿಡೇ, ಈ ವರ್ಷ ಗುರುತಿಲ್ದೆ ಬಿಡೋಣ" ಎಂದು ನಾನು ಒಂದು ಸಲ ಹೇಳಿದ್ದರೆ ಅವಳು ಬಿಡುತ್ತಿದ್ದಳು. ನಾನು ಹೇಳಲಿಲ್ಲ. ಸಂಘದವರು ಏನೆಂದುಕೊಳ್ಳುತ್ತಾರೆ ಎಂದು ನನಗೆ ಯೋಚನೆ.

ಇನ್ನೊಂದಿದೆ. ಆ ಒಂಬತ್ತು ದಿನದಲ್ಲಿ ಒಂದು ದಿನವೂ ನಾನು ಅವಳ ಜೊತೆ ಶೆಡ್ಡಿನಲ್ಲಿ ಕೂರಲಿಲ್ಲ. ಕೈ ಮುರಿದಿದೆ, ಇದ್ದರೂ ಏನು ಮಾಡಲಿ ಎಂದು ಅಡುಗೆಮನೆಯಲ್ಲಿ ಒಲೆಯ ಪಕ್ಕ ರೇಡಿಯೋ ಕೇಳುತ್ತಿದ್ದೆ. ಮಾತಿಗಾದರೂ ಹೋಗಿ ಕೂರಬಹುದಿತ್ತು. ಅವಳು ಒಳಗೆ ಬಂದು ಕೈ ಕಾಯಿಸಿಕೊಂಡು, ಇವತ್ತು ಇಷ್ಟಾಯಿತು ಎಂದು ಹೇಳಿ, ಮತ್ತೆ ಹೋಗುತ್ತಿದ್ದಳು. ಆ ಕೆಮ್ಮು ಎದೆಗೆ ಇಳಿದು ಫೆಬ್ರವರಿಯಲ್ಲಿ ಏನಾಯಿತೆಂದು ನಿನಗೆ ಗೊತ್ತು, ಶವಪೆಟ್ಟಿಗೆಗೆ ಹೆಗಲು ಕೊಟ್ಟವನು ನೀನು.

ಡಾಕ್ಟರು ಎದೆ ಮೊದಲೇ ಕೆಟ್ಟಿತ್ತು ಅಂದರು. ಇರಬಹುದು. ಆದರೆ ಶೆಡ್ಡಿನಿಂದ ಹೊಳೆಗೆ ಏನೂ ಆಗಿಲ್ಲ ಎಂದು ನೀನು ಓದಿದಾಗ ನನ್ನ ಕಿವಿಗೆ ಕೇಳಿದ್ದೇ ಬೇರೆ. ಎಫಿ ಆ ಚಳಿಯಲ್ಲಿ ಸುಮ್ಮನೆ ಕೂತಳು ಎಂದು ಕೇಳಿತು.

ಹತ್ತು ಬೇಡ. ನಾಲ್ಕು ಬಂದರೂ ಸಾಕು ನನಗೆ.

ಟಾರ್ಕಿಲ್

*

ಲೀತ್
1 ಅಕ್ಟೋಬರ್ 2017

ಟಾರ್ಕಿಲ್,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಸಮಾಧಾನದ ಮಾತು ಬರೆಯಲು ಕೂತೆ. ಬರೆದರೆ ಅದು ಮೋಸವಾಗುತ್ತದೆ. ನೀನು ನಿನ್ನದನ್ನು ಹೇಳಿದ್ದೀಯ, ನನ್ನದನ್ನೂ ಕೇಳು.

ನನಗೆ ಇದು 2012ರಲ್ಲೇ ಗೊತ್ತಿತ್ತು. ನಮ್ಮ ಹೊಳೆಯದಲ್ಲ, ಬೇರೆ ಹೊಳೆಗಳದು. ಆ ಚಳಿಗಾಲದಲ್ಲಿ ಎರಡು ವರದಿ ಓದಿದೆ. ಎರಡರಲ್ಲೂ ಇದೇ ಕಥೆ. ಶೆಡ್ಡಿನ ಮರಿ ತಿರುಗಿ ಬರುವುದಿಲ್ಲ, ತಾಯಿ ಮೀನನ್ನು ಹೊಳೆಯಿಂದ ತೆಗೆದದ್ದೇ ನಷ್ಟ. ಓದಿ ಮಡಿಸಿ ಡ್ರಾಯರಿನಲ್ಲಿ ಇಟ್ಟೆ. ನಮ್ಮ ಹೊಳೆ ಬೇರೆ ಇರಬಹುದು ಎಂದುಕೊಂಡೆ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವನು ಹಾಗೆ ಅಂದುಕೊಂಡೆ.

ಯಾಕೆ ಎಂದು ಹೇಳುತ್ತೇನೆ. ಶನಿವಾರ ನಿಮ್ಮ ಶೆಡ್ಡಿಗೆ ಬಂದರೆ ಮಧ್ಯಾಹ್ನ ನಿಮ್ಮ ಅಡುಗೆಮನೆಯಲ್ಲಿ ಊಟ. ಎಫಿ ಮೂರು ತಟ್ಟೆ ಹಾಕುತ್ತಿದ್ದಳು, ಕೇಳದೆ. ಮದುವೆಯಿಲ್ಲದ ನನಗೆ ವಾರದಲ್ಲಿ ಅದೊಂದೇ ಊಟ ಊಟವೆನಿಸುತ್ತಿತ್ತು. ಶೆಡ್ಡು ಮುಚ್ಚಿದರೆ ನಾನು ಯಾವ ನೆಪದಲ್ಲಿ ಬರಲಿ? ಇಷ್ಟಕ್ಕೇ ಬಾಯಿಗೆ ಬೀಗ ಹಾಕಿಕೊಂಡೆ. ಅವಳು ಹೋದ ಮೇಲೆ ಆ ತಟ್ಟೆಯೂ ಹೋಯಿತು, ಆಗ ನನಗೆ ನಿಜ ಹೇಳುವ ಧೈರ್ಯ ಬಂತು.

ನಾನು 2012ರಲ್ಲಿ ಹೇಳಿದ್ದರೆ 2013ರ ಅಕ್ಟೋಬರಿನಲ್ಲಿ ಶೆಡ್ಡಿನಲ್ಲಿ ಮರಿಯೂ ಇರುತ್ತಿರಲಿಲ್ಲ, ಎಫಿಯೂ ಕೂರುತ್ತಿರಲಿಲ್ಲ. ನಿನ್ನ ಕಾಗದ ಓದುವ ತನಕ ಈ ಎರಡನ್ನೂ ನಾನು ಜೋಡಿಸಿ ನೋಡಿರಲಿಲ್ಲ. ಈಗ ಬೇರೇನೂ ಕಾಣುತ್ತಿಲ್ಲ.

ಇದಕ್ಕೆ ಕ್ಷಮೆ ಕೇಳುತ್ತೇನೆ. ಕೊಡಬೇಕೆಂದಿಲ್ಲ.

ನಿನಿಯನ್

*

ಲೀತ್
4 ನವೆಂಬರ್ 2017

ಪ್ರಿಯ ಟಾರ್ಕಿಲ್,

ನಿನ್ನಿಂದ ಕಾಗದವಿಲ್ಲ. ಬರುತ್ತದೆಂದು ಕಾದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹತ್ತು ಗಂಟೆಗೆ ಅಂಚೆಯವನು ಬರುತ್ತಾನೆ, ಅಷ್ಟು ಹೊತ್ತಿಗೆ ಕೆಳಗೆ ಬಾಗಿಲ ಹತ್ತಿರ ಇರುತ್ತೇನೆ.

ಇಪ್ಪತ್ತೈದರ ಸಭೆಗೆ ನಾನು ಬರುವುದಿಲ್ಲ. ಫರ್ಕರನಿಗೆ ತಿಳಿಸಿದ್ದೇನೆ, ನನ್ನ ಮತವನ್ನೂ ಕಳುಹಿಸಿಲ್ಲ. ಶೆಡ್ಡಿನ ವಿಷಯದಲ್ಲಿ ಇನ್ನು ನಾನು ಬಾಯಿ ತೆರೆಯುವುದು ಸರಿಯಲ್ಲ. ನೀನು ಏನು ತೀರ್ಮಾನಿಸಿದರೂ ಅದು ನನಗೆ ಒಪ್ಪಿಗೆ.

ಚಳಿ ಜೋರಾಗಿದೆ ಎಂದು ರೇಡಿಯೋದಲ್ಲಿ ಹೇಳಿದರು. ಉಣ್ಣೆಯ ಬನಿಯನ್ ಹಾಕಿಕೋ.

ನಿನಿಯನ್

*

ಕೋರಿ ಹಳ್ಳ
26 ನವೆಂಬರ್ 2017, ಭಾನುವಾರ

ನಿನಿಯನ್,

ನಿನ್ನ ಅಕ್ಟೋಬರ್ ಕಾಗದವನ್ನು ಒಲೆಗೆ ಹಾಕಿದೆ. ಅದರಿಂದ ಪ್ರಯೋಜನವಾಗಲಿಲ್ಲ, ಅಷ್ಟು ಹೊತ್ತಿಗೆ ಬಾಯಿಪಾಠವಾಗಿತ್ತು. ನಿನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಎರಡು ವಾರ ಯಾರ ಜೊತೆಯೂ ಮಾತಾಡಲಿಲ್ಲ. ಹೇಗೂ ಮಾತಾಡಲು ಯಾರೂ ಇರಲಿಲ್ಲ.

ಈಗ ನಡೆದದ್ದನ್ನು ಹೇಳುತ್ತೇನೆ. ಇದು ಇನ್ನೊಬ್ಬರಿಗೆ ಗೊತ್ತಿಲ್ಲ, ನಿನಗೊಬ್ಬನಿಗೆ ಹೇಳುತ್ತಿದ್ದೇನೆ.

ಮೊನ್ನೆ ಶುಕ್ರವಾರ ಬೆಳಗ್ಗೆ ಹಳ್ಳದ ಬಾಯಿಯ ಬೋನು ನೋಡಲು ಹೋದೆ. ಶೆಡ್ಡಿಗೆ ತಾಯಿ ಮೀನು ಹಿಡಿಯುವ ಅದೇ ಹಳೇ ಮರದ ಬೋನು. ಒಳಗೆ ಒಂದು ಹೆಣ್ಣು. ಒಂಬತ್ತು ಪೌಂಡ್ ಇರಬಹುದು, ಮೈ ತಾಮ್ರದ ಬಣ್ಣಕ್ಕೆ ತಿರುಗಿತ್ತು, ಹೊಟ್ಟೆ ತುಂಬ ಮೊಟ್ಟೆ. ನನ್ನ ಕನ್ನಡಕದ ಮೇಲೆ ನನಗೇ ನಂಬಿಕೆಯಿಲ್ಲ, ಅದಕ್ಕೆ ನೀರಿನಲ್ಲಿ ಕೈ ಬಿಟ್ಟು ಬೆನ್ನ ಮೇಲೆ ಹೆಬ್ಬೆರಳು ಓಡಿಸಿದೆ. ಬಾಲದ ಹತ್ತಿರ ಸಿಕ್ಕಿತು. ಓರೆಯಾಗಿ, ಅರ್ಧ. ಎಫಿಯ ಕತ್ತರಿ.

ಅಲ್ಲೇ ನೀರಿನಲ್ಲಿ ಮಂಡಿಯೂರಿ ಕೂತುಬಿಟ್ಟೆ. ಎಷ್ಟು ಹೊತ್ತೋ ಗೊತ್ತಿಲ್ಲ. ಅತ್ತೆ. ಅಳಬಾರದು ಎಂದು ನನಗೆ ಅನ್ನಿಸಲೂ ಇಲ್ಲ.

ಆಮೇಲೆ ಬುದ್ಧಿ ಓಡಿತು. ಮಾರನೇ ದಿನವೇ ಸಭೆ. ಇವಳನ್ನು ತೊಟ್ಟಿಯಲ್ಲಿ ಇಟ್ಟುಕೊಂಡು, ಎಲ್ಲರನ್ನೂ ಶೆಡ್ಡಿಗೆ ಕರೆದು ತೋರಿಸಿದರೆ ಸಾಕು. ನಿನಗೆ ಹತ್ತು ಬೇಕು, ಅವರಿಗೆ ಒಂದು ಸಾಕು. ಫರ್ಕರ್ ಅವಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಪತ್ರಿಕೆಗೆ ಕಳಿಸುತ್ತಿದ್ದ. ಶೆಡ್ಡು ನಾನು ಸಾಯುವ ತನಕ ನಡೆಯುತ್ತಿತ್ತು.

ಒದ್ದೆ ಗೋಣಿಯಲ್ಲಿ ಸುತ್ತಿ ತಂದು ತೊಟ್ಟಿಗೆ ಬಿಟ್ಟೆ. ಎಫಿಯ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ. ಆ ಶೆಡ್ಡಿನಲ್ಲಿ ಅಷ್ಟು ಹೊತ್ತು ಸುಮ್ಮನೆ ಕೂತದ್ದು ಅದೇ ಮೊದಲು. ಕಾಲಿನಿಂದ ಚಳಿ ಏರುತ್ತದೆ ನಿನಿಯನ್, ಒಂದು ತಾಸಿಗೇ ಸೊಂಟದ ತನಕ ಬರುತ್ತದೆ. ಒಂಬತ್ತು ದಿನ ಅವಳು ಹೇಗೆ ಕೂತಳೋ.

ಮೀನು ತೊಟ್ಟಿಯ ಗೋಡೆಗೆ ಮೂತಿ ಹೊಡೆದುಕೊಳ್ಳುತ್ತಿತ್ತು, ನೀರು ಒಳಗೆ ಬೀಳುವ ಕಡೆಗೇ, ಮತ್ತೆ ಮತ್ತೆ. ಮಧ್ಯಾಹ್ನದ ಹೊತ್ತಿಗೆ ಮೂತಿಯ ಚರ್ಮ ಬೆಳ್ಳಗೆ ಸುಲಿದಿತ್ತು. ತೊಟ್ಟಿಯ ತಳದಲ್ಲಿ ನಾಲ್ಕೈದು ಮೊಟ್ಟೆ ಬಿದ್ದಿದ್ದವು. ಇಷ್ಟು ದೂರ ಬಂದು, ಕೊನೆಯ ಅರ್ಧ ಮೈಲಿಯಲ್ಲಿ ಅವಳನ್ನು ತಡೆದವನು ನಾನು. ಪ್ರತಿ ವರ್ಷವೂ ತಡೆದವನು ನಾನೇ. ವರ್ಷಕ್ಕೆ ಹತ್ತು ಜನ ಹೆಣ್ಣುಗಳನ್ನು.

ಎಫಿ ಇದ್ದಿದ್ದರೆ ಏನು ಹೇಳುತ್ತಿದ್ದಳು ಎಂದು ಯೋಚಿಸುವ ಅಗತ್ಯ ಬೀಳಲಿಲ್ಲ. ಪೂರ್ತಿ ರೆಕ್ಕೆ ಕತ್ತರಿಸಲು ಕೈ ಬಾರದವಳು, ಇವಳನ್ನು ಫರ್ಕರನ ಫೋಟೋಗೆ ಇಟ್ಟುಕೋ ಅನ್ನುತ್ತಿದ್ದಳೇ? ಬೆಳಕು ಇರುವಾಗಲೇ ಮತ್ತೆ ಗೋಣಿಯಲ್ಲಿ ಸುತ್ತಿ, ಬೋನಿನಿಂದ ಮೇಲಕ್ಕೆ ಹೊತ್ತು ಹೋಗಿ, ರೋವನ್ ಮರದ ಹತ್ತಿರ ಜಲ್ಲಿ ಇರುವಲ್ಲಿ ನೀರಿಗೆ ಬಿಟ್ಟೆ. ಅಂಗೈ ಮೇಲೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಹೋದಳು.

ನಿನ್ನೆ ಸಭೆ. ಮತಕ್ಕೆ ಹಾಕಿದರು. ಮುಚ್ಚಬಾರದು ಎನ್ನುವವರು ಹತ್ತು ಕೈ. ಮುಚ್ಚಬೇಕು ಎನ್ನುವವರು ಹತ್ತು. ಹತ್ತನ್ನೂ ಎಣಿಸಿದ ಮೇಲೆ ನಾನು ಎತ್ತಿದೆ. ಫರ್ಕರ್ ಪೆನ್ನು ಹಿಡಿದುಕೊಂಡೇ ಕೇಳಿದ, "ಟಾರ್ಕಿಲ್, ಈಗ ಎಣಿಸ್ತಿರೋದು ಮುಚ್ಚೋದಕ್ಕೆ. ನೀನು ತಪ್ಪಾಗಿ ಕೈ ಎತ್ತಿದೀಯ."

"ಇಲ್ಲ ಫರ್ಕರ್. ಮುರಿದಿದ್ದ ಕೈ, ಆದ್ರೆ ಸರಿಯಾಗೇ ಎತ್ತಿದೀನಿ."

ಮೀನಿನ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಮತ್ತೆ ವಾದ, ಮತ್ತೆ ಸೀಲ್, ಮತ್ತೆ ನೀರುಕಾಗೆ. ಶೀನಾ ಮಾತ್ರ ಹೊರಗೆ ಬಂದಾಗ ನನ್ನ ತೋಳು ಹಿಡಿದು ಮನೆಯ ತಿರುವಿನ ತನಕ ನಡೆದಳು.

ಬಂದು ಬೋನಿನ ಬಾಗಿಲು ಕಿತ್ತು ಹಾಕಿದೆ, ಶೆಡ್ಡಿನ ನೀರು ನಿಲ್ಲಿಸಿದೆ. ಮೂವತ್ತೊಂದು ವರ್ಷ ಅಡುಗೆಮನೆಯ ಗೋಡೆಯಾಚೆ ಆ ನೀರಿನ ಸದ್ದಿತ್ತು. ನಿಂತ ಮೇಲೆ ಮನೆಯಲ್ಲಿ ಎಷ್ಟು ಮೌನವಿದೆ ಎಂದು ಗೊತ್ತಾಯಿತು. ಗಡಿಯಾರದ ಸದ್ದು ಕೇಳುತ್ತದೆ. ಇದಕ್ಕೆ ಒಗ್ಗಿಕೊಳ್ಳುವುದು ಕಷ್ಟ, ಸುಳ್ಳು ಯಾಕೆ ಹೇಳಲಿ.

ನಿನ್ನ ವಿಷಯ. ನೀನು 2012ರಲ್ಲಿ ಬಂದು ಹೇಳಿದ್ದರೆ ನಿನ್ನನ್ನು ಬಾಗಿಲಿನಿಂದಲೇ ಓಡಿಸುತ್ತಿದ್ದೆ, ಆ ಅಕ್ಟೋಬರಿನಲ್ಲಿ ಎಫಿ ಕತ್ತರಿ ಹಿಡಿದೇ ಹಿಡಿಯುತ್ತಿದ್ದಳು. ಇದು ನಿನ್ನನ್ನು ಸಮಾಧಾನ ಮಾಡಲು ಹೇಳುತ್ತಿಲ್ಲ, ನನ್ನ ಜಾಯಮಾನ ನಿನಗೂ ಗೊತ್ತು. ಸಿಟ್ಟು ಇನ್ನೂ ಹೋಗಿಲ್ಲ. ಪೂರ್ತಿ ಹೋಗಲಿ ಎಂದು ಕಾಯುವಷ್ಟು ಆಯುಷ್ಯ ನಮ್ಮಿಬ್ಬರಿಗೂ ಇಲ್ಲ. ಇನ್ನೊಂದು, ಊಟಕ್ಕೆ ಬರಲು ನಿನಗೆ ನೆಪ ಬೇಕೆಂಬ ಮಾತು ಎಫಿಯ ಕಿವಿಗೆ ಬಿದ್ದಿದ್ದರೆ ಸೌಟು ಎತ್ತಿಕೊಂಡು ಬರುತ್ತಿದ್ದಳು.

ಇವತ್ತು ಬೆಳಗ್ಗೆ ರೋವನ್ ಮರದ ಹತ್ತಿರ ಹೋಗಿದ್ದೆ. ಅವಳು ಅಲ್ಲೇ ಇದ್ದಾಳೆ. ಮಗ್ಗುಲಾಗಿ ಬಾಲ ಬಡಿದು ಜಲ್ಲಿಯಲ್ಲಿ ಗುಂಡಿ ತೋಡುತ್ತಿದ್ದಾಳೆ. ಪಕ್ಕದಲ್ಲಿ ಒಂದು ಗಂಡು, ರೆಕ್ಕೆ ಪೂರ್ತಿ ಇರುವುದು, ಹೊಳೆಯದೇ. ಇನ್ನು ಮೂರು ನಾಲ್ಕು ದಿನ ಇರುತ್ತಾರೆ. ಗುರುವಾರದ ಬಸ್ಸು ಮಧ್ಯಾಹ್ನ ಒಂದಕ್ಕೆ ಸೇತುವೆಯ ಹತ್ತಿರ ನಿಲ್ಲುತ್ತದೆ. ನಿನ್ನ ಮಂಡಿಗೆ ಹಳ್ಳದ ಹಾದಿ ಕಷ್ಟ, ಡೂಗಲನ ಗಾಡಿ ಕೇಳಿದ್ದೇನೆ. ಎರಡು ತಟ್ಟೆ ಹಾಕಿರುತ್ತೇನೆ.

ಶೆಡ್ಡಿನ ಸ್ಟೂಲನ್ನು ಹಳ್ಳದ ದಡಕ್ಕೆ ತಂದು ಇಟ್ಟಿದ್ದೇನೆ. ಅದು ಒಂದೇ ಇರುವುದು. ಸರದಿಯ ಮೇಲೆ ಕೂರೋಣ.

ಟಾರ್ಕಿಲ್